ತೋಟದ ಹಳೆಯ ಪಿಕಪ್: ಮೊದಲ ಖರ್ಚು ಬ್ರೇಕಿಗೆ

ಕಾಫಿ ಕೊಯ್ಲು ಮುಗಿದು, ಅಡಿಕೆಯ ಲೆಕ್ಕವೂ ಕೈಗೆ ಬರುವ ಹೊತ್ತಿಗೆ ಸಂಘದ ಕಛೇರಿಗೆ ಬರುವ ಸದಸ್ಯರಲ್ಲಿ ಕೆಲವರಾದರೂ ಒಂದು ಪ್ರಶ್ನೆ ಕೇಳಿಯೇ ಕೇಳುತ್ತಾರೆ: “ಸೆಕ್ರೆಟರಿಗಳೇ, ಒಂದು ಹಳೇ ಪಿಕಪ್ ನೋಡಿದ್ದೀನಿ, ತಗೊಳ್ಳಬಹುದಾ?” ತೆಗೆದುಕೊಳ್ಳಬಹುದು. ಹೊಸ ಗಾಡಿಯ ಬೆಲೆ ನಾಲ್ಕೈದು ಎಕರೆಯ ಬೆಳೆಗಾರನಿಗೆ ಎಟುಕುವಂಥದ್ದಲ್ಲ. ಬಾಡಿಗೆ ಗಾಡಿಯನ್ನು ನೆಚ್ಚಿ ಕುಳಿತರೆ, ಅದು ಎಲ್ಲರಿಗೂ ಬೇಕಾಗುವುದು ಅದೇ ಹದಿನೈದು ದಿನಗಳಲ್ಲಿ. ಆದ್ದರಿಂದ ಹಳೆಯ ಡೀಸೆಲ್ ಪಿಕಪ್ ಕೊಳ್ಳುವುದನ್ನು ನಾವು ಬೇಡವೆನ್ನುವುದಿಲ್ಲ. ಕೊಂಡ ಮೇಲೆ ಅದನ್ನು ಮೊದಲು ಎಲ್ಲಿಗೆ ಒಯ್ಯುತ್ತಾರೆ ಎಂಬುದೇ ನಮ್ಮ ಚಿಂತೆ. ಹತ್ತರಲ್ಲಿ ಎಂಟು ಮಂದಿ ಒಯ್ಯುವುದು ಬ್ಲೇಡ್ ಸೆಟ್ ಮಾಡುವವನ ಬಳಿಗೆ. ಹಿಂದಿನ ಪಟ್ಟಿ ಸ್ಪ್ರಿಂಗಿಗೆ ಎರಡು ಬ್ಲೇಡ್ ಹೆಚ್ಚಿಗೆ ಸೇರಿಸಿ, ಪಕ್ಕದ ಹಲಗೆ ಎತ್ತರಿಸಿ, “ಈಗ ಗಾಡಿ ಗಟ್ಟಿಯಾಯಿತು” ಎಂದು ಸಮಾಧಾನಪಡುತ್ತಾರೆ.

ಇದನ್ನು ಬರೆಯುವ ಅಧಿಕಾರ ನಮಗೆ ಬಂದಿರುವುದು ನಾವೂ ಅದನ್ನೇ ಮಾಡಿದ್ದರಿಂದ. 2016ರ ಫೆಬ್ರವರಿಯಲ್ಲಿ ಒಂಬತ್ತು ವರ್ಷ ಓಡಿದ್ದ ಒಂದು ಪಿಕಪ್ ಕೊಂಡೆವು. ಅದರ ಪುಸ್ತಕದ ಪ್ರಕಾರ ಹೊರಬೇಕಾದ ಭಾರ ಸುಮಾರು 1,250 ಕೆ.ಜಿ., ಎಂದರೆ 50 ಕೆ.ಜಿ.ಯ 25 ಚೀಲ. ಬ್ಲೇಡ್ ಸೇರಿಸಿದ ಮರುವಾರವೇ 34 ಚೀಲ ರೋಬಸ್ಟಾ ಚೆರಿ ಹೇರಿ, ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಾಟಿ ಇಳಿದು ಮಂಗಳೂರಿನ ಕಡೆಗೆ ಹೊರಟೆವು. ಡ್ರೈವರ್ ಹುಡುಗನ ಪಕ್ಕದಲ್ಲಿ ನಾವು. ಮೂಟೆಗಳ ಮೇಲೆ, ಇಳಿಸುವುದಕ್ಕೆ ಬೇಕಾಗುತ್ತಾರೆಂದು, ತೋಟದ ಇಬ್ಬರು ಆಳುಗಳು. ಅವರನ್ನು ಅಲ್ಲಿ ಕೂರಿಸಿದವರು ನಾವೇ.

ಗಾಡಿ ಒಂದಿಷ್ಟೂ ಕುಗ್ಗದೆ ನೆಟ್ಟಗೆ ನಿಂತಿತ್ತು. ಅದೇ ನಮ್ಮ ಹೆಮ್ಮೆ. ಘಾಟಿಯ ಅರ್ಧ ದಾಟುವಷ್ಟರಲ್ಲಿ ಸುಟ್ಟ ವಾಸನೆ ಬಂತು. ಇನ್ನೆರಡು ತಿರುವು ಕಳೆದ ಮೇಲೆ ಹುಡುಗ, “ಅಯ್ಯಾ, ಪೆಡಲು ಒಳಗೆ ಹೋಯ್ತಾ ಐತೆ, ಬ್ರೇಕು ಹಿಡೀತಿಲ್ಲ” ಎಂದ. ಅವನು ಹೆದರಿ ಕೈಬಿಡಲಿಲ್ಲ ಎಂಬುದೊಂದೇ ಆ ದಿನದ ಪುಣ್ಯ. ಇಂಜಿನ್ ಕಿರುಚುತ್ತಿದ್ದರೂ ಎರಡನೇ ಗೇರಿಗೆ ತಳ್ಳಿ, ಹ್ಯಾಂಡ್ ಬ್ರೇಕ್ ಎಳೆದು, ಎಡಚಕ್ರಗಳನ್ನು ಗುಡ್ಡದ ಕಡೆಯ ಚರಂಡಿಗೆ ಇಳಿಸಿದ. ಗಾಡಿ ಮಣ್ಣಿನ ಗೋಡೆಗೆ ಉಜ್ಜಿಕೊಂಡು ನಿಂತಿತು. ಮೇಲಿದ್ದವರಲ್ಲಿ ಒಬ್ಬ ಹಾರಿ ಕಾಲು ಉಳುಕಿಸಿಕೊಂಡಿದ್ದ, ಅಷ್ಟೇ. ಅರ್ಧ ಗಂಟೆ ಬಿಟ್ಟು ಪೆಡಲ್ ಒತ್ತಿದರೆ ಬ್ರೇಕು ಎಂದಿನಂತೆ ಗಟ್ಟಿ! ಬಹಳ ಮಂದಿ ಮೋಸಹೋಗುವುದು ಇಲ್ಲೇ. ತಣಿದ ಮೇಲೆ ಸರಿಹೋದ ಬ್ರೇಕನ್ನು ಯಾರೂ ಗ್ಯಾರೇಜಿಗೆ ತೋರಿಸುವುದಿಲ್ಲ.

ನಾವು ಉಜಿರೆಯಲ್ಲಿ ಒಬ್ಬ ಹಿರಿಯ ಮೆಕ್ಯಾನಿಕ್ಕಿಗೆ ತೋರಿಸಿದೆವು. ಆತ ಬ್ರೇಕನ್ನು ಬಿಟ್ಟು ನೇರವಾಗಿ ಹಿಂದಿನ ಆಕ್ಸಲಿನ ಕೆಳಗೆ ಮಲಗಿದ. ಚಾಸಿಸಿಗೆ ಕಚ್ಚಿಸಿದ ಒಂದು ಸಣ್ಣ ವಾಲ್ವು, ಅದರಿಂದ ಆಕ್ಸಲಿಗೆ ಇಳಿದ ಒಂದು ಸರಳು. ಅದನ್ನು ಬೆರಳಿನಿಂದ ಅಲ್ಲಾಡಿಸಿ, “ನೀವು ಇದಕ್ಕೆ ಸುಳ್ಳು ಹೇಳಿದ್ದೀರಿ ಮಾರಾಯ್ರೆ. ಗಾಡಿ ಖಾಲಿ ಉಂಟು ಅಂತ ಇದು ತಿಳ್ಕೊಂಡಿದೆ” ಎಂದ.

ಆ ಮಾತಿನ ಅರ್ಥವನ್ನು ಸದಸ್ಯರು ಸಾವಧಾನವಾಗಿ ಗಮನಿಸಬೇಕು. ಪಿಕಪ್ಪಿನ ಹಿಂಭಾಗ ಖಾಲಿಯಿದ್ದಾಗ ಹಗುರ, ತುಂಬಿದಾಗ ಭಾರ. ಖಾಲಿ ಗಾಡಿಯ ಹಿಂಚಕ್ರಕ್ಕೆ ಬ್ರೇಕಿನ ಪೂರ್ತಿ ಒತ್ತಡ ಕೊಟ್ಟರೆ ಚಕ್ರ ಕಚ್ಚಿಕೊಂಡು ಮಳೆಯಲ್ಲಿ ಗಾಡಿ ಜಾರಿ ತಿರುಗುತ್ತದೆ. ಆದ್ದರಿಂದ ಹಲವು ಪಿಕಪ್‌ಗಳಲ್ಲಿ ಭಾರ ಅಳೆಯುವ ಈ ವಾಲ್ವು ಇಟ್ಟಿರುತ್ತಾರೆ. ಅದಕ್ಕೆ ತಕ್ಕಡಿಯೇನೂ ಇಲ್ಲ. ಭಾರಕ್ಕೆ ಸ್ಪ್ರಿಂಗು ಕುಗ್ಗಿ ಬಾಡಿ ಆಕ್ಸಲಿನ ಹತ್ತಿರಕ್ಕೆ ಎಷ್ಟು ಇಳಿಯಿತು ಎಂಬುದನ್ನು ಸರಳಿನ ಮೂಲಕ ತಿಳಿದು, ಅಷ್ಟರ ಮಟ್ಟಿಗೆ ಹಿಂದಿನ ಬ್ರೇಕಿಗೆ ಒತ್ತಡ ಬಿಡುತ್ತದೆ. ನಾವು ಬ್ಲೇಡ್ ಸೇರಿಸಿ ಸ್ಪ್ರಿಂಗು ಕುಗ್ಗದಂತೆ ಮಾಡಿದೆವು. 1,700 ಕೆ.ಜಿ. ಹೇರಿದರೂ ಬಾಡಿ ಇಳಿಯಲಿಲ್ಲ. ವಾಲ್ವು ಗಾಡಿ ಬಹುಮಟ್ಟಿಗೆ ಖಾಲಿಯೆಂದು ಭಾವಿಸಿ ಹಿಂದಿನ ಬ್ರೇಕನ್ನು ತಡೆಯಿತು. ಹೆಚ್ಚಿನ ಕೆಲಸವೆಲ್ಲ ಮುಂದಿನ ಎರಡು ಚಕ್ರಗಳ ಮೇಲೆ ಬಿತ್ತು. ನಾವು ಗಟ್ಟಿ ಮಾಡಿದೆವೆಂದುಕೊಂಡ ಗಾಡಿಯ ಬ್ರೇಕನ್ನು ನಾವೇ ಕೈಯಾರೆ ಸಡಿಲ ಮಾಡಿದ್ದೆವು.

ಕಾವಿನ ಲೆಕ್ಕವನ್ನೂ ಸ್ವಲ್ಪ ನೋಡೋಣ. ಸರಕು ಸೇರಿ 3,000 ಕೆ.ಜಿ. ತೂಗುವ ಗಾಡಿ 500 ಮೀಟರ್ ಎತ್ತರದಿಂದ ಬರೀ ಬ್ರೇಕಿನ ಮೇಲೆ ಇಳಿದರೆ ಹುಟ್ಟುವ ಶಾಖ, ಬಚ್ಚಲ ಹಂಡೆಯಲ್ಲಿ 45 ಲೀಟರ್ ತಣ್ಣೀರನ್ನು ಕುದಿಯುವ ಹಂತಕ್ಕೆ ತರಲು ಸಾಕು. ಹಂಡೆಗೆ ಒಂದು ಹೊರೆ ಸೌದೆ ಬೇಕಾಗುವ ಈ ಕಾವೆಲ್ಲ ನಾಲ್ಕು ಚಕ್ರಗಳಲ್ಲಿ, ಅದರಲ್ಲೂ ನಮ್ಮ ಗಾಡಿಯಲ್ಲಿ ಎರಡೇ ಚಕ್ರಗಳಲ್ಲಿ, ಕೆಲವೇ ನಿಮಿಷಗಳಲ್ಲಿ ಹುಟ್ಟಬೇಕು. ಗೇರಿನಲ್ಲಿ ಇಳಿದರೆ ಇದರ ದೊಡ್ಡ ಪಾಲನ್ನು ಇಂಜಿನ್ನು ಹೊತ್ತುಕೊಳ್ಳುತ್ತದೆ. ಹತ್ತುವುದಕ್ಕೆ ಯಾವ ಗೇರು ಬೇಕೋ ಇಳಿಯುವುದಕ್ಕೂ ಅದೇ ಗೇರು ಎಂದು ಹಳೆಯ ಲಾರಿ ಡ್ರೈವರುಗಳು ಹೇಳುವುದು ಇದಕ್ಕೇ. ನಮ್ಮ ಹುಡುಗ ನಾಲ್ಕನೇ ಗೇರಿನಲ್ಲಿದ್ದ. ಡೀಸೆಲ್ ಉಳಿಯಲಿ ಎಂದು ಹಾಗೆ ಇಳಿಸಲು ಹೇಳಿದವರೂ ನಾವೇ ಎಂದು ಒಪ್ಪಿಕೊಳ್ಳಬೇಕು.

ಮೂರನೆಯ ತಪ್ಪು ಬ್ರೇಕ್ ಆಯಿಲಿನದು. ಇದು ಗಾಳಿಯ ತೇವವನ್ನು ಹೀರುವ ವಸ್ತು. ಉಪ್ಪಿನ ಭರಣಿಯ ಮುಚ್ಚಳ ತೆಗೆದಿಟ್ಟರೆ ಆಷಾಢದಲ್ಲಿ ಏನಾಗುತ್ತದೆಂದು ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಬ್ರೇಕ್ ಆಯಿಲಿಗೂ ಅದೇ ಗತಿ. ಡಬ್ಬಿಯ ಮೇಲೆ ‘ಡಾಟ್ 3’ ಎಂದಿರುವ ಆಯಿಲು ಹೊಸದಿದ್ದಾಗ ಕನಿಷ್ಠ 205 ಡಿಗ್ರಿ ಸೆಲ್ಷಿಯಸ್‌ವರೆಗೆ ಕುದಿಯಬಾರದು. ತೇವ ಕುಡಿದಾಗಿನ ಮಿತಿ 140ಕ್ಕೆ ಇಳಿಯುತ್ತದೆ. ‘ಡಾಟ್ 4’ಕ್ಕೆ ಇವೇ ಅಂಕಿಗಳು 230 ಮತ್ತು 155. ಕುದಿದ ಆಯಿಲಿನಲ್ಲಿ ಆವಿಯ ಗುಳ್ಳೆ ಏಳುತ್ತದೆ. ಆವಿ ಒತ್ತಿದರೆ ಕುಗ್ಗುವ ವಸ್ತು, ಆದ್ದರಿಂದ ಪೆಡಲು ಒಳಗೆ ಹೋಗುತ್ತದೆಯೇ ಹೊರತು ಚಕ್ರಕ್ಕೆ ಒತ್ತಡ ಮುಟ್ಟುವುದಿಲ್ಲ. ತಣಿದೊಡನೆ ಆವಿ ಕರಗಿ ಎಲ್ಲ ಮೊದಲಿನಂತಾಗುತ್ತದೆ. ನಮ್ಮ ಗಾಡಿಯ ಆಯಿಲು ಕಪ್ಪು ಕಷಾಯದಂತಿತ್ತು. ಹಳೆಯ ಗಾಡಿ ಮನೆಗೆ ಬಂದ ವಾರವೇ ಹಳೆಯ ಆಯಿಲನ್ನು ಪೂರ್ತಿ ತೆಗೆಸಿ, ಗಾಡಿಯ ಪುಸ್ತಕ ಹೇಳುವ ಹೊಸ ಆಯಿಲು ಹಾಕಿಸಿ, ಗಾಳಿ ಬಿಡಿಸಬೇಕು. ಆಮೇಲೆ ಎರಡು ವರ್ಷಕ್ಕೊಮ್ಮೆ. ಡಬ್ಬಿಯಲ್ಲಿ ಉಳಿದ ಅರ್ಧವನ್ನು ಮುಂದಿನ ವರ್ಷಕ್ಕೆಂದು ಅಟ್ಟದ ಮೇಲೆ ಇಡಬಾರದು.

ಇನ್ನೊಂದು ಪರೀಕ್ಷೆ ನೀವೇ ಮಾಡಬಹುದು. ಡೀಸೆಲ್ ಗಾಡಿಯಲ್ಲಿ ಬ್ರೇಕಿನ ಬೂಸ್ಟರಿಗೆ ಬೇಕಾದ ವ್ಯಾಕ್ಯೂಮನ್ನು ಒಂದು ಪ್ರತ್ಯೇಕ ಪಂಪು ಒದಗಿಸುತ್ತದೆ. ಅನೇಕ ಗಾಡಿಗಳಲ್ಲಿ ಅದು ಆಲ್ಟರ್ನೇಟರಿನ ಬೆನ್ನಿಗಿರುತ್ತದೆ. ಸಮತಟ್ಟಾದ ಅಂಗಳದಲ್ಲಿ ಇಂಜಿನ್ ನಿಲ್ಲಿಸಿ, ಪೆಡಲನ್ನು ಐದಾರು ಸಲ ಒತ್ತಿ, ಆರನೆಯ ಸಲ ಒತ್ತಿ ಹಿಡಿದುಕೊಂಡೇ ಸ್ಟಾರ್ಟ್ ಮಾಡಿ. ಪೆಡಲು ಕಾಲ ಕೆಳಗೆ ತುಸು ಇಳಿಯಬೇಕು. ಇಳಿಯದಿದ್ದರೆ ಪಂಪೋ ಬೂಸ್ಟರೋ ವ್ಯಾಕ್ಯೂಮ್ ಪೈಪೋ ಕೆಟ್ಟಿದೆ. ಇಳಿಜಾರಿನಲ್ಲಿ ಇಂಜಿನ್ ಆಫ್ ಮಾಡಿ ಉರುಳಿಸುವ ಅಭ್ಯಾಸ ನಮ್ಮ ಕಡೆ ಇನ್ನೂ ಇದೆ. ಇಂಜಿನ್ ನಿಂತರೆ ಈ ಪಂಪೂ ನಿಲ್ಲುತ್ತದೆ, ಒಂದೆರಡು ಸಲ ಒತ್ತುವಷ್ಟರಲ್ಲಿ ಪೆಡಲು ಕಲ್ಲಾಗುತ್ತದೆ. ಪವರ್ ಸ್ಟೀರಿಂಗ್ ಇದ್ದರೆ ಅದೂ ಬಿಗಿಯಾಗುತ್ತದೆ.

ಭಾರದ ವಾಲ್ವಿನ ಸರಳು ಮಲೆನಾಡಿನ ಕೆಸರಿಗೆ ತುಕ್ಕು ಹಿಡಿದು ಅಂಟಿಕೊಳ್ಳುವುದು ಸಾಮಾನ್ಯ. ತಂತಿಯಲ್ಲಿ ಕಟ್ಟಿಹಾಕಿದ್ದನ್ನೂ ನಾವು ನೋಡಿದ್ದೇವೆ. ವರ್ಷಕ್ಕೆರಡು ಸಲ, ಮಳೆಗೆ ಮೊದಲೊಮ್ಮೆ, ಕೊಯ್ಲಿಗೆ ಮೊದಲೊಮ್ಮೆ, ತೊಳೆಸಿ ಸರಾಗವಾಗಿ ಆಡುತ್ತದೆಯೇ ನೋಡಿ. ಮುರಿದ ಬ್ಲೇಡಿಗೆ ಬದಲು ಹಾಕಿಸುವಾಗ ಅದೇ ಅಳತೆಯ, ಅದೇ ಸಂಖ್ಯೆಯ ಬ್ಲೇಡ್ ಇರಲಿ, ವಾಲ್ವಿನ ಸೆಟ್ಟಿಂಗನ್ನು ಪುಸ್ತಕದಂತೆ ಮತ್ತೆ ಕೂರಿಸಲು ಹೇಳಿ.

ಕೊಳ್ಳುವಾಗ ನೋಡಬೇಕಾದ ಉಳಿದ ವಿಷಯ ಬಹುತೇಕ ಎಲ್ಲರಿಗೂ ಗೊತ್ತಿರುವುದೇ. ಇಂಜಿನ್ ತಣ್ಣಗಿರುವಾಗ ನೀವೇ ಸ್ಟಾರ್ಟ್ ಮಾಡಬೇಕು. ನೀವು ಬರುತ್ತೀರೆಂದು ಮಾರುವವರು ಮೊದಲೇ ಬಿಸಿ ಮಾಡಿಟ್ಟಿದ್ದರೆ, ಕೊಟ್ಟ ಕಾಫಿ ಕುಡಿದು, ಇನ್ನೊಂದು ಬೆಳಿಗ್ಗೆ ಬರುತ್ತೇವೆಂದು ಎದ್ದು ಬನ್ನಿ. ನೀಲಿ ಹೊಗೆ ನಿಲ್ಲದೆ ಬಂದರೆ ಇಂಜಿನ್ ಆಯಿಲು ಉರಿಯುತ್ತಿದೆ. ಕಪ್ಪು ಹೊಗೆಯಾದರೆ ಮೊದಲು ಏರ್ ಫಿಲ್ಟರ್ ನೋಡಿ. ಮಾರ್ಚಿ ತಿಂಗಳ ತೋಟದ ರಸ್ತೆಯ ಧೂಳಿಗೆ ಅದು ಕಟ್ಟಿಕೊಂಡಿರುವುದೇ ಹೆಚ್ಚು. ಇಂಜಿನ್ ಓಡುತ್ತಿರುವಾಗ ಆಯಿಲು ಹಾಕುವ ಮುಚ್ಚಳ ತೆಗೆದರೆ ಉಗಿಬಂಡಿಯಂತೆ ಬುಸುಗುಟ್ಟಿದರೆ ರಿಂಗು ಸವೆದಿದೆ. ಟೈಮಿಂಗ್ ಬೆಲ್ಟ್ ಇರುವ ಇಂಜಿನ್ ಆದರೆ, ಮಾರುವವರು ಏನೇ ಹೇಳಲಿ, ಹೊಸದು ಹಾಕಿಸುವುದೇ ಲೇಸು. ಸಾಲದ ಗಾಡಿಯಾದರೆ ಆರ್.ಸಿ.ಯಲ್ಲಿ ಸಾಲ ಕೊಟ್ಟವರ ಹೆಸರು ತೆಗೆಸದೆ ಹಣ ಪೂರ್ತಿ ಕೊಡಬೇಡಿ. ಕೊಂಡವರು 30 ದಿನದೊಳಗೆ ಹೆಸರು ಬದಲಾವಣೆಗೆ ಆರ್.ಟಿ.ಒ.ಗೆ ತಿಳಿಸತಕ್ಕದ್ದು.

1 ಏಪ್ರಿಲ್ 2020ರ ನಂತರ ನೋಂದಣಿಯಾದ ಬಿ.ಎಸ್.6 ಡೀಸೆಲ್ ಗಾಡಿಗಳೂ ಈಗ ಹಳೆಯ ಗಾಡಿಗಳ ಸಾಲಿನಲ್ಲಿ ಮಾರಾಟಕ್ಕೆ ಬರುತ್ತಿವೆ. ಅವುಗಳ ಹೊಗೆಕೊಳವೆಯಲ್ಲಿ ಮಸಿ ಹಿಡಿಯುವ ಒಂದು ಫಿಲ್ಟರ್ ಇರುತ್ತದೆ. ಮಸಿ ಸುಟ್ಟುಹೋಗಬೇಕಾದರೆ ಗಾಡಿ ಆಗಾಗ ಬಿಸಿಯಾಗಿ ದೂರ ಓಡಬೇಕು. ಕಣದಿಂದ ತೋಟಕ್ಕೆ, ತೋಟದಿಂದ ಕಣಕ್ಕೆ ಎಂದು ಎರಡು ಮೈಲಿ ಸುತ್ತುವ ಗಾಡಿಯಲ್ಲಿ ಅದು ಕಟ್ಟಿಕೊಳ್ಳುತ್ತದೆ. ತೋಟದೊಳಗೇ ಓಡಾಡುವವರಿಗೆ ಹೆಚ್ಚು ಹಳೆಯದಾದರೂ ಸರಳವಾದ ಇಂಜಿನ್ನೇ ವಾಸಿ ಎಂಬುದು ನಮ್ಮ ಅಭಿಪ್ರಾಯ.

ಡೀಸೆಲಿನ ವಿಷಯ ಒಂದು ಮಾತು. ಪಂಪ್‌ಸೆಟ್ಟಿಗೆಂದು ಬ್ಯಾರಲಿನಲ್ಲಿಟ್ಟ ಡೀಸೆಲನ್ನು ಪಿಕಪ್ಪಿಗೂ ಹೀರಿ ಹಾಕುವ ರೂಢಿ ಇದೆ. ಹಳೆಯ ನಮೂನೆಯ ಇಂಜಿನ್ನು ಅದನ್ನು ಒಂದಿಷ್ಟು ತಾಳಿಕೊಳ್ಳುತ್ತಿತ್ತು. ಕಾಮನ್ ರೈಲ್ ಇಂಜೆಕ್ಟರಿನಲ್ಲಿ ಒತ್ತಡ ಸಾವಿರ ಬಾರ್‌ಗೂ ಮೀರಿರುತ್ತದೆ. ಬ್ಯಾರಲಿನ ತಳದ ನೀರು, ತುಕ್ಕು ಅದಕ್ಕೆ ವಿಷ. ಬಟ್ಟೆಯಲ್ಲಿ ಸೋಸಿದರೆ ಕಸ ನಿಂತೀತು, ನೀರು ನಿಲ್ಲದು. ಮಳೆಗಾಲದಲ್ಲಿ ಟ್ಯಾಂಕು ತುಂಬಿಟ್ಟಷ್ಟೂ ಒಳಗೆ ಗಾಳಿ ಕಡಿಮೆ, ಬೆವರುವ ನೀರೂ ಕಡಿಮೆ. ಡೀಸೆಲ್ ಫಿಲ್ಟರಿನ ತಳದ ನೀರು ಬಿಡುವ ತಿರುಪನ್ನು ಹದಿನೈದು ದಿನಕ್ಕೊಮ್ಮೆ ಸಡಿಲಿಸಿ ನೋಡಿ. ಅದಕ್ಕೆ ಐದು ನಿಮಿಷ ಸಾಕು.

ತೋಟದ ಗಾಡಿಯ ತುಕ್ಕಿಗೆ ಮಳೆಯೊಂದೇ ಕಾರಣವಲ್ಲ. ಪೊಟ್ಯಾಷ್ ಚೀಲ ಸೋರಿದರೆ ಅದರಲ್ಲಿರುವುದು ಕ್ಲೋರೈಡ್ ಉಪ್ಪು. ತೇವದೊಡನೆ ಸೇರಿ ಕಬ್ಬಿಣವನ್ನು ತಿನ್ನುತ್ತದೆ. ಮೈಲುತುತ್ತಿನ ನೀರು ಇನ್ನೂ ಕೆಟ್ಟದ್ದು. ಬೋರ್ಡೊ ದ್ರಾವಣ ಸರಿಯಾಗಿದೆಯೇ ಎಂದು ಕತ್ತಿಯ ಅಲಗನ್ನು ಅದ್ದಿ ನೋಡುತ್ತೇವಲ್ಲ, ಸುಣ್ಣ ಸಾಲದಿದ್ದರೆ ಅಲಗಿಗೆ ತಾಮ್ರದ ಕೆಂಪು ಹಿಡಿಯುತ್ತದೆ. ಪಿಕಪ್ಪಿನ ತಟ್ಟೆಯ ಮೇಲೆ ಮೈಲುತುತ್ತಿನ ಡ್ರಮ್ಮು ತುಳುಕಿದಾಗ ನಡೆಯುವುದೂ ಅದೇ: ತಾಮ್ರ ಕೂರುತ್ತದೆ, ಕಬ್ಬಿಣ ಕರಗುತ್ತದೆ. ಔಷಧಿ ಹೊಡೆಯುವ ದಿನಗಳಲ್ಲಿ ರಬ್ಬರ್ ಹಾಸು ಹಾಕಿ, ಸಂಜೆ ಹಾಸು ಎತ್ತಿ ಅದರ ಕೆಳಗೂ, ಚಾಸಿಸಿನ ಸಂದಿಗೂ ನೀರು ಹೊಡೆಯಬೇಕು. ಕೊಳ್ಳುವಾಗ ಚಾಸಿಸಿಗೆ ಹೊಸ ಕಪ್ಪು ಬಣ್ಣ ಬಳಿದಿದ್ದರೆ ಒಂದು ಸುತ್ತಿಗೆಯಿಂದ ತಟ್ಟಿ ನೋಡಿ.

ಇಷ್ಟೆಲ್ಲ ಆದ ಮೇಲೆ ಹಣ ಉಳಿದರೆ, ಸುಧಾರಣೆಗೆ ಮೊದಲು ಒಳ್ಳೆಯ ಟೈರು. ಪುಸ್ತಕದಲ್ಲಿ ಹೇಳಿದ ಅಳತೆ ಮತ್ತು ಭಾರದ ದರ್ಜೆಯದೇ ಆಗಬೇಕು. ಆಮೇಲೆ ರೇಡಿಯೇಟರ್ ಬಿಚ್ಚಿಸಿ ಶುದ್ಧಿ ಮಾಡಿಸಿ ಹೊಸ ಕೂಲಂಟ್ ಹಾಕಿಸುವುದು. ಹಳ್ಳದ ನೀರು ತುಂಬಿ ಓಡಿಸಿದ ರೇಡಿಯೇಟರು ಘಾಟಿ ಹತ್ತುವಾಗಲೇ ಸೇಡು ತೀರಿಸಿಕೊಳ್ಳುತ್ತದೆ. ಟರ್ಬೊ ಇರುವ ಗಾಡಿಯನ್ನು ಏರು ಹತ್ತಿಸಿದ ಕೂಡಲೆ ಆಫ್ ಮಾಡದೆ ಒಂದು ನಿಮಿಷ ಹಾಗೇ ಓಡಗೊಡಬೇಕು. ದೊಡ್ಡ ಟೈರು, ಎತ್ತರದ ಬಾಡಿ ಮುಂತಾದ ಷೋಕಿ ಬೇಡ. 1988ರ ಮೋಟಾರು ವಾಹನ ಕಾಯಿದೆಯ 52ನೇ ಕಲಮಿನಂತೆ ಆರ್.ಸಿ.ಯಲ್ಲಿರುವ ವಿವರಗಳು ತಯಾರಕರ ಮೂಲ ವಿವರಗಳಿಗೆ ವ್ಯತ್ಯಾಸವಾಗುವಂತೆ ಗಾಡಿಯನ್ನು ಬದಲಾಯಿಸಕೂಡದು. 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟು ಇದನ್ನು ಎತ್ತಿಹಿಡಿದಿದೆ.

ಮೂಟೆಯ ಮೇಲೆ ಕುಳಿತಿದ್ದ ಆ ಇಬ್ಬರ ವಿಷಯ ಉಳಿಯಿತು. ಸರಕು ಸಾಗಿಸುವ ಗಾಡಿಯ ವಿಮೆ, 1994ರ ತಿದ್ದುಪಡಿಯ ನಂತರ, ಸರಕಿನ ಜೊತೆ ಹೋಗುವ ಅದರ ಮಾಲೀಕನನ್ನೋ ಅವನ ಅಧಿಕೃತ ಪ್ರತಿನಿಧಿಯನ್ನೋ ರಕ್ಷಿಸುತ್ತದೆ. ಹೋಗುವ ದಾರಿಯೇ ಎಂದು ಹತ್ತಿಸಿಕೊಂಡ ಪ್ರಯಾಣಿಕರನ್ನು ರಕ್ಷಿಸುವುದಿಲ್ಲ. ಗಾಡಿಯ ಕೆಲಸಕ್ಕೇ ನೇಮಿಸಿ ಪಾಲಿಸಿಯಲ್ಲಿ ಸೇರಿಸಿದವರ ಮಾತು ಬೇರೆ. ಅದಕ್ಕೆ ನಿಮ್ಮ ಪಾಲಿಸಿಯನ್ನು ತೆಗೆದು ಓದಬೇಕು. ನಾವು ಓದಿದ್ದು ಚಾರ್ಮಾಡಿಯಿಂದ ಹಿಂದಿರುಗಿದ ರಾತ್ರಿ. ಅವರಿಬ್ಬರ ಹೆಸರಿರಲಿ, ಅಂಥವರಿಗೆ ಕಟ್ಟಿದ ಒಂದು ರೂಪಾಯಿ ಪ್ರೀಮಿಯಮ್ಮೂ ಅದರಲ್ಲಿರಲಿಲ್ಲ. ಕಾಲು ಉಳುಕಿಸಿಕೊಂಡವನಿಗೆ ಮೂವರು ಮಕ್ಕಳು. ಈಗ ಕೊಯ್ಲಿನ ಆಳುಗಳನ್ನು ಕರೆತರಲು ಬಾಡಿಗೆಯ ಜೀಪು ಗೊತ್ತು ಮಾಡಿದ್ದೇವೆ. ಖರ್ಚು ಹೆಚ್ಚೇ.

ಸೇರಿಸಿದ್ದ ನಾಲ್ಕು ಬ್ಲೇಡುಗಳನ್ನು ಆ ವಾರವೇ ಬಿಚ್ಚಿಸಿದೆವು. ಅವು ಈಗ ಹಟ್ಟಿಯ ಬಾಗಿಲಿಗೆ ಆನಿಸಿಟ್ಟಿವೆ. 34 ಚೀಲವಿದ್ದರೆ ಎರಡು ಸಲ ಹೋಗುತ್ತೇವೆ, ಎರಡನೇ ಗೇರಿನಲ್ಲಿ ಇಳಿಯುತ್ತೇವೆ. ಅದೇ ಗಾಡಿ ಇಂದಿಗೂ ಓಡುತ್ತಿದೆ. ಸಂತೆಯ ದಿನ ಬೆಳಿಗ್ಗೆ ಹತ್ತರಿಂದ ಹನ್ನೆರಡರವರೆಗೆ ಅದು ಸಂಘದ ಗೋದಾಮಿನ ಮುಂದೆ ನಿಂತಿರುತ್ತದೆ. ಭಾರದ ವಾಲ್ವು ಎಲ್ಲಿರುತ್ತದೆಂದು ನೋಡಬೇಕೆನ್ನುವ ಸದಸ್ಯರು ಬಂದರೆ ನಮ್ಮ ಡ್ರೈವರ್ ತೋರಿಸುತ್ತಾನೆ. ಕೆಳಗೆ ಮಲಗುವುದಕ್ಕೆ ಒಂದು ಗೋಣಿಚೀಲ ತರುವುದು ಒಳ್ಳೆಯದು.