ಕಾವಲಿಯ ಆರೈಕೆ: ಕ್ರಮವಿವರಣೆಯ ಒಂದು ಪಾಠ

ತರಗತಿ: 7  ಅವಧಿ: 2

ಪೀಠಿಕೆ

ಒಂದು ಕೆಲಸವನ್ನು ಕ್ರಮ ತಪ್ಪದೆ, ಕಾರಣಸಹಿತವಾಗಿ ವಿವರಿಸುವ ಸಾಮರ್ಥ್ಯವನ್ನು ಬೆಳೆಸುವುದು ಈ ಪಾಠದ ಉದ್ದೇಶ. ಪೇಟೆಯಲ್ಲಿಯೂ ಕಚೇರಿಯಲ್ಲಿಯೂ ಬೇರೆ ಭಾಷೆಯನ್ನು ಕೇಳುವ ನಮ್ಮ ಮಕ್ಕಳಿಗೆ ಕನ್ನಡವು ಸಮೃದ್ಧವಾಗಿ ದೊರೆಯುವ ಸ್ಥಳ ಅಡುಗೆಮನೆ. ಆದುದರಿಂದ ಎಲ್ಲರ ಮನೆಯಲ್ಲಿಯೂ ಇರುವ ದೋಸೆಯ ಕಾವಲಿಯನ್ನು ಇಲ್ಲಿ ಆರಿಸಿಕೊಂಡಿದೆ.

ವಿಷಯ ವಿವರಣೆ

ದೋಸೆ ಅಂಟದೆ ಏಳುವ ಕಾವಲಿಗಳು ಎರಡು ಬಗೆ. ಒಂದು, ಪಳಗಿಸಿದ ಕಬ್ಬಿಣದ್ದು. ಇನ್ನೊಂದು, ಲೇಪನವುಳ್ಳ ನಾನ್‌ಸ್ಟಿಕ್. ಇವುಗಳ ಆರೈಕೆ ಒಂದೇ ರೀತಿಯದಲ್ಲ.

ಕಬ್ಬಿಣದ ಕಾವಲಿಯು ತುಕ್ಕು ಹಿಡಿದರೂ ಕೆಟ್ಟಂತಲ್ಲ. ಹುಣಸೆಹಣ್ಣು ಮತ್ತು ಕಲ್ಲುಪ್ಪಿನಿಂದ ಉಜ್ಜಿ ತೊಳೆದರೆ ತುಕ್ಕು ಬಿಡುತ್ತದೆ. ಹುಣಸೆಯ ಆಮ್ಲವು ತುಕ್ಕನ್ನು ಕರಗಿಸುತ್ತದೆ. ತೊಳೆದೊಡನೆ ಒರೆಸಿ, ಒಲೆಯ ಮೇಲಿಟ್ಟು ತೇವ ಆರಿಸಬೇಕು. ಬಳಿಕ ಎಳ್ಳೆಣ್ಣೆಯನ್ನೋ ಸೂರ್ಯಕಾಂತಿ ಎಣ್ಣೆಯನ್ನೋ ತೆಳ್ಳಗೆ ಸವರಿ, ಹೆಚ್ಚಾದುದನ್ನು ಬಟ್ಟೆಯಿಂದ ತೆಗೆದು, ಸಣ್ಣಗೆ ಹೊಗೆಯಾಡುವವರೆಗೆ ಕಾಯಿಸಿ ತಣಿಯಲು ಬಿಡಬೇಕು. ಹೀಗೆ ಮೂರು ನಾಲ್ಕು ಸಲ ಮಾಡಿದಾಗ ಎಣ್ಣೆಯ ಅಣುಗಳು ಕಾವಿನಲ್ಲಿ ಆಮ್ಲಜನಕದೊಡನೆ ವರ್ತಿಸಿ, ಒಂದಕ್ಕೊಂದು ಹೆಣೆದುಕೊಂಡು ಗಟ್ಟಿಯಾದ ಕಪ್ಪು ಪದರವಾಗುತ್ತವೆ. ದೋಸೆಯನ್ನು ಬಿಡಿಸುವುದು ಈ ಪದರವೇ. ಎಣ್ಣೆ ದಪ್ಪವಾದರೆ ಪದರವು ಗಟ್ಟಿಯಾಗದೆ ಅಂಟಂಟಾಗಿ ಉಳಿಯುತ್ತದೆ. ತೆಂಗಿನೆಣ್ಣೆಗೆ ಹೀಗೆ ಹೆಣೆದುಕೊಳ್ಳುವ ಗುಣ ಬಹಳ ಕಡಿಮೆ. ಕಾದ ಬೀಡಿನ ಕಾವಲಿಗೆ ತಣ್ಣೀರು ಸುರಿಯಬಾರದು, ಅದು ಸೀಳಬಹುದು.

ನಾನ್‌ಸ್ಟಿಕ್ ಪಾತ್ರೆಯ ಲೇಪನವು ಸಾಮಾನ್ಯವಾಗಿ ಟೆಫ್ಲಾನ್ ಎಂದು ಹೆಸರಾದ ಪಾಲಿಟೆಟ್ರಾಫ್ಲೂರೋಎಥಿಲೀನ್. ಇದನ್ನು 1938ರಲ್ಲಿ ಅಮೆರಿಕದ ರಾಯ್ ಪ್ಲಂಕೆಟ್ ಆಕಸ್ಮಿಕವಾಗಿ ಕಂಡುಹಿಡಿದರು. 1950ರ ದಶಕದಲ್ಲಿ ಫ್ರಾನ್ಸಿನ ಮಾರ್ಕ್ ಗ್ರೆಗ್ವಾರ್ ಇದನ್ನು ಅಡುಗೆಯ ಪಾತ್ರೆಗೆ ಅಳವಡಿಸಿದರು. ಇಂತಹ ಕಾವಲಿಯಲ್ಲಿ ದೋಸೆ ಅಂಟತೊಡಗಿದರೆ ಮೊದಲು ಕಾರಣವನ್ನು ನೋಡಬೇಕು. ಸುಟ್ಟ ಎಣ್ಣೆಯ ಪದರ ಕೂತಿದ್ದರೆ, ಅಡುಗೆ ಸೋಡಾ ಬೆರೆಸಿದ ಬೆಚ್ಚನೆಯ ನೀರಿನಲ್ಲಿ ನೆನೆಸಿ, ಮೆತ್ತನೆಯ ಬಟ್ಟೆಯಿಂದ ಉಜ್ಜಿದರೆ ಸಾಕು. ಲೇಪನವೇ ಎದ್ದಿದ್ದರೆ ಮನೆಯಲ್ಲಿ ಅದನ್ನು ಮರಳಿ ತರಲಾಗದು. ಅಂತಹ ಪಾತ್ರೆಯನ್ನು ಅಡುಗೆಯಿಂದ ಬಿಡುವುದೇ ಸರಿ. ಲೋಹದ ಸಟ್ಟುಗ, ಒರಟು ನಾರು ಇದಕ್ಕೆ ಸಲ್ಲವು. ಬರಿದಾದ ಪಾತ್ರೆಯನ್ನು ದೊಡ್ಡ ಉರಿಯಲ್ಲಿ ಬಿಡಬಾರದು. ಕಾವು ಸುಮಾರು 260 ಡಿಗ್ರಿ ಸೆಲ್ಸಿಯಸ್ ದಾಟಿದರೆ ಲೇಪನವು ಕೆಡತೊಡಗುತ್ತದೆ; ಇನ್ನೂ ಏರಿದರೆ ಹೊರಡುವ ಹೊಗೆಯಿಂದ ಪಂಜರದ ಹಕ್ಕಿಗಳು ಸಾಯುವುದುಂಟು, ಮನುಷ್ಯರಿಗೂ ಜ್ವರದಂತಹ ತೊಂದರೆಯುಂಟಾಗುತ್ತದೆ.

ಸಾರಾಂಶವಿಷ್ಟೆ: ಕಬ್ಬಿಣದ ಪದರವನ್ನು ಮತ್ತೆ ಮತ್ತೆ ಕಟ್ಟಬಹುದು, ನಾನ್‌ಸ್ಟಿಕ್ ಲೇಪನವನ್ನು ಕಾಪಾಡಬಹುದು, ಕಟ್ಟಲಾಗದು.

ಭಾಷಾಂಶ

ತೊಳೆದು, ಒರೆಸಿ, ಸವರಿ, ಕಾಯಿಸಿ ಎಂಬ ಕೃದಂತಾವ್ಯಯಗಳು ಕ್ರಮವನ್ನು ತಿಳಿಸುತ್ತವೆ. ಒಂದು ಸ್ಥಾನ ಬದಲಿಸಿದರೂ ಕೆಲಸ ಕೆಡುವುದನ್ನು ಮಕ್ಕಳಿಗೆ ತೋರಿಸಿರಿ. ‘ಸುರಿದರೆ’, ‘ದಾಟಿದರೆ’ ಎಂಬ ರೂಪಗಳು ಕಾರಣ ಮತ್ತು ಪರಿಣಾಮಗಳನ್ನು ಜೋಡಿಸುತ್ತವೆ. ಸವರು, ಬಳಿ, ಸುರಿ ಎಂಬವುಗಳ ಅರ್ಥಭೇದವನ್ನು ಕೈಯ ಅಭಿನಯದಿಂದ ಸ್ಪಷ್ಟಪಡಿಸಿರಿ.

ಚಟುವಟಿಕೆ

ಮಕ್ಕಳು ಮನೆಯ ಹಿರಿಯರನ್ನು ಕೇಳಿ, ಕಾವಲಿ ಪಳಗಿಸುವ ಬಗೆಯನ್ನು ಎಂಟು ವಾಕ್ಯಗಳಲ್ಲಿ ಬರೆದು ತರಲಿ. ಒಲೆಯ ಕೆಲಸವನ್ನು ಹಿರಿಯರೇ ಮಾಡಲಿ. ಮಕ್ಕಳು ನೋಡಿ ಬರೆಯಲಿ. ಮರುದಿನ ಬರಹಗಳನ್ನು ಹೋಲಿಸಿ, ‘ಹೀಗೇಕೆ?’ ಎಂದು ಪ್ರತಿ ಹಂತದಲ್ಲಿಯೂ ಕೇಳಿರಿ.

ಅಧ್ಯಾಪಕರಿಗೆ ಸೂಚನೆ

ಗಡಿಯಾಚೆಯ ಒಂದು ಶಾಲೆಯಲ್ಲಿ ಬಾಲಕಿಯೊಬ್ಬಳು ‘ಹಂಚು’ ಎಂದು ಬರೆದುದಕ್ಕೆ ಕೆಂಪು ಗೆರೆ ಎಳೆದು, ‘ಕಾವಲಿ’ ಎಂದು ತಿದ್ದಿದ್ದನ್ನು ಕಂಡಿದ್ದೇನೆ. ಅವಳ ಮನೆಯಲ್ಲಿ ಆ ವಸ್ತುವಿಗೆ ಇರುವ ಹೆಸರೇ ಹಂಚು, ಮತ್ತು ಅದು ಅಚ್ಚ ಕನ್ನಡ. ಆ ಗೆರೆ ಅಜ್ಜಿಯ ಮಾತನ್ನೇ ತಪ್ಪೆಂದು ಸಾರಿತು. ಮುಂದೆ ಆ ಮಗು ಅಜ್ಜಿಯನ್ನು ಕೇಳಿ ಬರೆಯುವುದೆಂತು? ಕಾವಲಿ, ಹಂಚು, ಹೆಂಚು, ತವಾ ಎಂಬ ಹೆಸರುಗಳನ್ನೆಲ್ಲ ಹಲಗೆಯ ಮೇಲೆ ಬರೆಯಿರಿ. ಕ್ರಮವನ್ನು ತಿದ್ದಿರಿ, ಕಾಗುಣಿತವನ್ನು ತಿದ್ದಿರಿ; ಮನೆಯ ಹೆಸರನ್ನು ಅಳಿಸದಿರಿ.

ಮೌಲ್ಯಮಾಪನ

1. ಕಬ್ಬಿಣದ ಕಾವಲಿಗೆ ಎಣ್ಣೆಯನ್ನು ತೆಳ್ಳಗೆ ಸವರಬೇಕು, ಏಕೆ?
2. ಲೇಪನ ಎದ್ದ ಕಾವಲಿಗೆ ಎಣ್ಣೆ ಸವರಿ ಕಾಯಿಸಿದರೆ ಅದು ಸರಿಹೋಗುವುದೇ? ಕಾರಣ ಕೊಡಿ.
3. ನಿಮ್ಮ ಮನೆಯಲ್ಲಿ ಕಾವಲಿಗೆ ಏನೆನ್ನುತ್ತಾರೆ? ಆ ಪದವನ್ನು ಬಳಸಿ ಮೂರು ವಾಕ್ಯ ಬರೆಯಿರಿ.