ಒಂದು ನೆಲ್ಲಿಮರ, ನಾಲ್ಕು ವಿಷಯ: ಶಾಲಾ ಪ್ರದರ್ಶನಕ್ಕೊಂದು ಯೋಜನೆ

ತರಗತಿ: 8. ಸ್ಥಳ: ಬಿಳಿಗಿರಿರಂಗನ ಬೆಟ್ಟ.

ಉದ್ದೇಶ: ಥರ್ಮಾಕೋಲ್ ಮಾದರಿಗಳ ಬದಲು, ಮಕ್ಕಳಿಗೆ ಗೊತ್ತಿರುವ ಕಾಡುನೆಲ್ಲಿಯನ್ನೇ ಎಲ್ಲ ವಿಷಯಗಳ ಮೂಲಕ ನೋಡುವುದು.

ವಿಜ್ಞಾನ: ನೆಲ್ಲಿಯ ಕೊಂಬೆಗೆ ಅಂಟಿ ನೀರು, ಲವಣ ಹೀರುವ ಬಂದಳಿಕೆ. ಸೋಲಿಗರ ಮಾತಿನಲ್ಲಿ ‘ಉಪ್ಪಿಲು’. ಇದರ ಬೀಜ ಹರಡುವುದು ಹಕ್ಕಿಗಳಿಂದ.

ಗಣಿತ: ಪೋಡಿನ ಸುತ್ತಲಿನ ನೆಲ್ಲಿಮರಗಳಲ್ಲಿ ಉಪ್ಪಿಲು ಹಿಡಿದವು ಎಷ್ಟು? ಎಣಿಕೆ, ಶೇಕಡಾವಾರು, ಸ್ತಂಭಾಲೇಖ.

ಸಮಾಜ ವಿಜ್ಞಾನ: 2011ರಲ್ಲಿ ಇಲ್ಲಿನ ಸೋಲಿಗರಿಗೆ ದೊರೆತ ಸಮುದಾಯ ಅರಣ್ಯ ಹಕ್ಕು, ಕಿರು ಅರಣ್ಯ ಉತ್ಪನ್ನ.

ಕನ್ನಡ: ತರಗು ಬೆಂಕಿ ನಿಂತ ಮೇಲೆ ಉಪ್ಪಿಲು ಹೆಚ್ಚಿತು ಎನ್ನುವ ಹಿರಿಯರ ಸಂದರ್ಶನ.

ಮೌಲ್ಯಮಾಪನ: ಅಲಂಕಾರಕ್ಕೆ ಅಂಕವಿಲ್ಲ. ‘ಇದು ನಿನಗೆ ಹೇಗೆ ತಿಳಿಯಿತು?’ ಎಂದು ಕೇಳಬೇಕು. ‘ಎಣಿಸಿದೆ’, ‘ಅಜ್ಜಿ ಹೇಳಿದರು’ ಎರಡಕ್ಕೂ ಅಂಕ. ಎರಡನ್ನೂ ಹೋಲಿಸಿದರೆ ಹೆಚ್ಚು. ಮನೆಯ ತಿಳಿವಳಿಕೆಗೂ ಶಾಲೆಯಲ್ಲಿ ಜಾಗವಿದೆ ಎಂಬುದು ಮಗುವಿಗೆ ಮನವರಿಕೆಯಾಗುವುದು ಇಲ್ಲಿಯೇ.