ಹಳೆಯ ಚೀಟಿಯಿಂದ ಮತ್ತೆ ಔಷಧ ಪಡೆಯುವಾಗ

ಅಪಸ್ಮಾರ, ಅಂದರೆ ಮೂರ್ಛೆರೋಗವುಳ್ಳವರು ವರ್ಷಗಟ್ಟಲೆ ಮಾತ್ರೆ ಸೇವಿಸಬೇಕಾಗುತ್ತದೆ. ಒಮ್ಮೆ ಬರೆಸಿದ ಚೀಟಿಗೆ ಅಂಗಡಿಯವರು ಎಷ್ಟು ಸಲವಾದರೂ ಔಷಧ ಕೊಡಬೇಕೆಂದು ಅನೇಕರು ಭಾವಿಸುತ್ತಾರೆ. ಇದು ಸರಿಯಲ್ಲ. 1945ರ ಔಷಧ ನಿಯಮಗಳಲ್ಲಿ 65ನೆಯ ನಿಯಮದ ಪ್ರಕಾರ, ಮತ್ತೆ ಕೊಡಬಹುದೆಂದು ವೈದ್ಯರು ಚೀಟಿಯಲ್ಲಿಯೇ ಬರೆಯದಿದ್ದರೆ, ಚೀಟಿಯ ಮೇಲೆಯೇ ಮಾರತಕ್ಕ ಔಷಧವನ್ನು ಒಂದೇ ಸಲ ಕೊಡತಕ್ಕದ್ದು. ಎಷ್ಟು ಸಲ, ಎಷ್ಟು ದಿನಕ್ಕೊಮ್ಮೆ ಎಂದು ಬರೆದಿದ್ದರೆ ಅದರಂತೆಯೇ ನಡೆಯಬೇಕು. ಆದುದರಿಂದ ಚೀಟಿ ಪಡೆಯುವಾಗಲೇ ಈ ಸೂಚನೆಯನ್ನು ಕೇಳಿ ಬರೆಸಿಕೊಳ್ಳಿರಿ.

ಮಾತ್ರೆ ಮುಗಿದ ದಿನ ಹೊರಟರೆ ಆಗದು. ಒಂದು ವಾರಕ್ಕೆ ಸಾಲುವಷ್ಟು ಉಳಿದಿರುವಾಗಲೇ ಬರಬೇಕು. ಆಸ್ಪತ್ರೆಯಲ್ಲಿ ದಾಸ್ತಾನು ಮುಗಿದಿರುವುದೂ ಉಂಟು. ಈ ಮಾತ್ರೆಯನ್ನು ಹಠಾತ್ತನೆ ನಿಲ್ಲಿಸಿದರೆ ಸೆಳವು ಒಂದರ ಮೇಲೊಂದು ಬಂದು ಪ್ರಾಣಾಪಾಯವಾಗಬಹುದು. ರೋಗಿಯ ಬದಲು ಮನೆಯವರು ಬಂದರೆ ಹಳೆಯ ಚೀಟಿಯನ್ನೂ ಮಾತ್ರೆಯ ಖಾಲಿ ಪಟ್ಟಿಯನ್ನೂ ತರಲಿ. "ಬಿಳಿಯ ಸಣ್ಣ ಮಾತ್ರೆ" ಎಂದರೆ ನಮಗೆ ತಿಳಿಯುವುದಿಲ್ಲ. ಬಿಳಿಯ ಸಣ್ಣ ಮಾತ್ರೆಗಳು ಬಹಳ.

ಗರ್ಭ ಧರಿಸುವ ಇಚ್ಛೆಯುಳ್ಳ ಅಥವಾ ತಿಂಗಳು ನಿಂತ ಸ್ತ್ರೀಯರು ಹಳೆಯ ಚೀಟಿಯೊಂದನ್ನೇ ನಂಬಿರದೆ ವೈದ್ಯರನ್ನು ಕಾಣಬೇಕು. ವ್ಯಾಲ್‌ಪ್ರೋಯೇಟ್ ಎಂಬ ಔಷಧವು ಗರ್ಭಸ್ಥ ಶಿಶುವಿನ ಬೆನ್ನುಹುರಿಯ ಬೆಳವಣಿಗೆಗೆ ಹಾನಿ ಮಾಡಬಲ್ಲದು. ಹಾಗೆಂದು ಹೆದರಿ ತಾವಾಗಿಯೇ ನಿಲ್ಲಿಸಕೂಡದು. ವೈದ್ಯರನ್ನು ಕಾಣುವವರೆಗೆ ಮಾತ್ರೆ ಸೇವಿಸುತ್ತಿರಿ, ಆದರೆ ಆ ವಾರದಲ್ಲಿಯೇ ಬನ್ನಿರಿ.